‘ಭೂಮಿಯಲ್ಲಿ ಇನ್ನು 60 ಬೆಳೆ ಮಾತ್ರ’: ಸತ್ಯಾಂಶ ಏನು?

ಜಗತ್ತಿನ ಮಣ್ಣು ಸಾಯುತ್ತಿದೆ, ವರ್ಷಕ್ಕೊಂದರಂತೆ ಇನ್ನು 60 ಬೆಳೆ, ಅಂದರೆ 60 ವರ್ಷ ಮಾತ್ರ ಬೆಳೆ ಬರುತ್ತದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಕಳಿಸುವವರಿಗೆ ಮಕ್ಕಳ ಊಟದ ಚಿಂತೆ. ಅದು ಸಹಜವೇ. ಆದರೆ ಈ 60ಕ್ಕೆ ಆಧಾರವಾಗುವ ಅಧ್ಯಯನವಿಲ್ಲ.

ಮಣ್ಣಿನ ಸವಕಳಿ ನಿಜ, ದೊಡ್ಡ ಸಮಸ್ಯೆಯೂ ಹೌದು. ಆದರೆ ಎಲ್ಲ ಕಡೆ ಒಂದೇ ವೇಗದಲ್ಲಿ ಆಗುವುದಿಲ್ಲ. ಜೋರು ಮಳೆ ನಿಂತ ಮೇಲೆ ಹೊಲಗಳ ಕಡೆ ಹೋಗಿ ನೋಡಿ. ಬದು ಇಲ್ಲದ ಇಳಿಜಾರಿನಿಂದ ಕೆಂಪು ನೀರು ಹರಿಯುತ್ತಿರುತ್ತದೆ. ಪಕ್ಕದಲ್ಲೇ ಬದು ಹಾಕಿ ಹುರುಳಿ ಹಬ್ಬಿಸಿದ ಹೊಲದ ನೀರು ಎಷ್ಟೋ ತಿಳಿ. ಈ ಎರಡಕ್ಕೇ ಒಂದೇ ಗಡುವು ಹೇಳಲಾಗದು. ಇನ್ನು ಇಡೀ ಭೂಮಿಗೆ ಹೇಗೆ ಹೇಳುವುದು, ಅಲ್ವಾ?

1961ರಲ್ಲಿ ಜಗತ್ತು ಬೆಳೆದ ಏಕದಳ ಧಾನ್ಯ ಸುಮಾರು 90 ಕೋಟಿ ಟನ್. 2020ರ ಹೊತ್ತಿಗೆ ಸುಮಾರು 300 ಕೋಟಿ ಟನ್. ಅದೇ ಅವಧಿಯಲ್ಲಿ ಜನ 300 ಕೋಟಿಯಿಂದ 780 ಕೋಟಿಗೆ ಏರಿದರು. ಧಾನ್ಯ ಜನಸಂಖ್ಯೆಗಿಂತ ಜಾಸ್ತಿ ವೇಗದಲ್ಲಿ ಬೆಳೆಯಿತು. ಮುಂದೆಯೂ ಹೀಗೇ ಆಗುತ್ತದೆ ಎಂದು ಇದರ ಅರ್ಥವಲ್ಲ.

ನೀವೇ ಪರೀಕ್ಷಿಸುವುದು ಸುಲಭ. ‘60 ಬೆಳೆ’ ಎಂದು ಹುಡುಕಿ, ಹಳೆಯ ಸುದ್ದಿಗಳ ತಾರೀಖು ನೋಡಿ. ಹತ್ತು ವರ್ಷದ ಹಿಂದೆಯೂ 60, ಈಗಲೂ 60. ನಿಜವಾದ ಲೆಕ್ಕವಾಗಿದ್ದರೆ ಇಷ್ಟರಲ್ಲಿ 50 ಆಗಬೇಕಿತ್ತು.

ಬೆಳೆ, ಬೇಡಿಕೆ, ವ್ಯಾಪಾರದ ಮುನ್ನೋಟಗಳು ಸಾಮಾನ್ಯವಾಗಿ 10 ವರ್ಷದವು. ಜನಸಂಖ್ಯೆ, ಇಳುವರಿ, ಇಂಧನದ ಬೆಲೆ, ಆಮದು-ರಫ್ತು ನಿಯಮ ಹೀಗಿದ್ದರೆ ಫಲಿತಾಂಶ ಹೀಗೆ ಎಂದು ಅವು ಹೇಳುತ್ತವೆ. ವರ್ಷವರ್ಷ ತಿದ್ದಲಾಗುತ್ತದೆ. ಮೆಸೇಜಿನಲ್ಲಿ ಆ ‘ಹೀಗಿದ್ದರೆ’ ಇದೆಯೇ ಎಂದು ನೋಡಿ.