ಮೂರು ಮನೆ

ಬೆಳಗ್ಗೆ ಒಂದು ಸಭೆಗೆ ಹೋಗಿ ಬಂದೆ. ಆಗಿನಿಂದ ಬೇರೆ ಕೆಲಸಕ್ಕೆ ಕೈ ಹಾಕಲು ಆಗಿಲ್ಲ.

ಪರದೆ ಮೇಲೆ ಎರಡು ಬಡತನದ ನಕ್ಷೆ, ನಡುವೆ ಐದು ವರ್ಷದ ಅಂತರ. ಬಡತನ ಹೆಚ್ಚಿದಷ್ಟೂ ಬಣ್ಣ ಕೆಂಪು. ಮಾತಾಡುತ್ತಿದ್ದವರು ಒಂದು ಜಿಲ್ಲೆಯ ಮೇಲೆ ಬೆರಳಿಟ್ಟು, "ಇಲ್ಲಿ ಶೇ. 30 ಇದ್ದದ್ದು 22.5ಕ್ಕೆ ಇಳಿದಿದೆ, ಇನ್ನು ವಿಶೇಷ ಅನುದಾನ ಬೇಕಾಗಿಲ್ಲ" ಅಂದರು. ಅಲ್ಲಿ ಎಷ್ಟು ಮನೆ ಸರ್ವೆ ಮಾಡಿದ್ದೀರಿ ಅಂತ ಕೇಳಿದೆ. ಎರಡೂ ಸಲ ನಲವತ್ತು ಅಂದರು.

ನಲವತ್ತರಲ್ಲಿ 12 ಮನೆ ಬಡವಾದರೆ ಶೇ. 30. ಒಂಬತ್ತಾದರೆ 22.5. ಇಡೀ "ಪ್ರಗತಿ" ಅಂದರೆ ಮೂರು ಮನೆ. ಅವೂ ಅವೇ ಮನೆಗಳಲ್ಲ, ಎರಡನೇ ಸಲ ಬೇರೆಯವನ್ನೇ ಆರಿಸಿದ್ದರು. ನೋಡಿದ್ದು ನಲವತ್ತೇ ಮನೆ ಆದ್ದರಿಂದ ಆ ಶೇ. 30ರ ನಿಜವಾದ ಅಂಕಿ ಸುಮಾರು 16ರಿಂದ 44ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳನ್ನು ಆರಿಸಿಕೊಂಡಿದ್ದರೆ ಈ ಹರವು ಇನ್ನೂ ಹಿಗ್ಗುತ್ತದೆ. ಇಷ್ಟು ಅಗಲದ ಅನುಮಾನವನ್ನು ಒಂದು ಬಣ್ಣದೊಳಗೆ ಮುಚ್ಚಿಟ್ಟು ಅನುದಾನ ನಿಲ್ಲಿಸುವ ಮಾತಾಡಿದರಲ್ಲ, ಸಿಟ್ಟು ಬಂದದ್ದು ಅದಕ್ಕೆ.

ಇದು ಒಂದು ಜಿಲ್ಲೆಯ ಪಾಡಲ್ಲ. ಇಂಥ ಯಾವ ಪಟ್ಟಿ ತೆಗೆದರೂ ತೀರಾ ಮೇಲೆ ಮತ್ತು ತೀರಾ ಕೆಳಗೆ ಹೆಚ್ಚಾಗಿ ಬಂದು ಕೂರುವುದು ಸ್ಯಾಂಪಲ್, ಅಂದರೆ ಸರ್ವೆಗೆ ಆರಿಸಿದ ಮನೆಗಳು, ಕಡಿಮೆ ಇರುವ ಜಾಗಗಳೇ. ಆ ಮನೆಗಳು ಕಡಿಮೆಯಾದಷ್ಟೂ ಅಂಕಿ ಜಾಸ್ತಿ ಓಲಾಡುತ್ತದೆ. ನಾವು ಆ ಓಲಾಟವನ್ನೇ ಹಿಂದುಳಿದಿರುವಿಕೆ ಅನ್ನುತ್ತೇವೆ, ಮುಂದಿನ ಸರ್ವೆಯಲ್ಲಿ ಅದನ್ನೇ ಸುಧಾರಣೆ ಅನ್ನುತ್ತೇವೆ.

ಇದಕ್ಕೆ ದಾರಿ ಇಲ್ಲ ಅಂತಾದರೂ ಇದ್ದಿದ್ದರೆ ಸುಮ್ಮನಾಗುತ್ತಿದ್ದೆ. ಅಮೆರಿಕದಲ್ಲಿ ಸಾವಿರಕ್ಕಿಂತ ಕಡಿಮೆ ಜನ ಇರುವ ಊರುಗಳ ತಲಾ ಆದಾಯ ಅಂದಾಜು ಮಾಡಲು ಫೇ ಮತ್ತು ಹೆರಿಯಟ್ ಎಂಬ ಸಂಖ್ಯಾಶಾಸ್ತ್ರಜ್ಞರು 1979ರಲ್ಲೇ ದಾರಿ ತೋರಿಸಿದರು. ಊರಿನ ಸ್ವಂತ ಅಂಕಿ ಗಟ್ಟಿಯಾಗಿದ್ದರೆ ಅದನ್ನು ಹೆಚ್ಚು ನಂಬು. ಸಡಿಲವಾಗಿದ್ದರೆ, ಅಂಥದ್ದೇ ಬೇರೆ ಊರುಗಳ ಮಾಹಿತಿಯಿಂದ ಕಟ್ಟಿದ ಅಂದಾಜಿನ ಕಡೆ ವಾಲು. 1991ರಲ್ಲಿ ಬೆಸಾಗ್, ಯಾರ್ಕ್, ಮೊಲಿಯೆ ರೋಗಗಳ ನಕ್ಷೆಗೆಂದು ಮಾಡಿದ ಲೆಕ್ಕದ ಮಾಡೆಲ್ ನೆರೆಹೊರೆಯನ್ನೂ ಲೆಕ್ಕಕ್ಕೆ ತಂದಿತು. 1994ರಲ್ಲಿ ಜೆ.ಎನ್.ಕೆ. ರಾವ್ ಮತ್ತು ಯು ಹಿಂದಿನ ವರ್ಷಗಳ ಮಾಹಿತಿಯನ್ನೂ ಜೊತೆಗೆ ಹೆಣೆದರು. ಬೇರೆ ಜಾಗದಿಂದಲೂ ಬೇರೆ ಕಾಲದಿಂದಲೂ ಮಾಹಿತಿ ಕಡ ತರಬಹುದು, ತಂದ ಮೇಲೂ ಎಷ್ಟು ಅನುಮಾನ ಉಳಿಯಿತು ಅಂತ ಹೇಳಬಹುದು. ಹಾಗೆ ಹೇಳುವ ಜಾಗವೇ ಇವತ್ತಿನ ನಕ್ಷೆಯಲ್ಲಿ ಇರಲಿಲ್ಲ.

ಸಭೆಯಲ್ಲಿ ಇದನ್ನು ಹೇಳಿದಾಗ, ನೆರೆಯವರ ಜೊತೆ ಬೆರೆಸಿದರೆ ಶ್ರೀಮಂತ ಜಿಲ್ಲೆಗಳ ನಡುವಿನ ಒಂದು ಬಡ ಜಿಲ್ಲೆ ಮಸುಕಾಗಿ ಹೋಗುವುದಿಲ್ಲವೇ ಅಂತ ಒಬ್ಬರು ಕೇಳಿದರು. ಕಣ್ಣುಮುಚ್ಚಿ ಬೆರೆಸಿದರೆ ಖಂಡಿತ ಹೋಗುತ್ತದೆ. ಅದಕ್ಕೇ 1991ರ ಆ ಮಾಡೆಲ್‌ನಲ್ಲಿ ನೆರೆಯವರೊಂದಿಗೆ ಹಂಚಿಕೊಂಡ ಪಾಲು ಬೇರೆ, ಆ ಜಾಗದ್ದೇ ಸ್ವಂತ ಪಾಲು ಬೇರೆ. ಇನ್ನೊಬ್ಬರದು ಹಳೇ ಮಾತು: "ನಿರ್ಧಾರ ತಗೊಳ್ಳೋರಿಗೆ ಒಂದು ಅಂಕಿ ಬೇಕು, ಇಷ್ಟರಿಂದ ಇಷ್ಟು ಅಂದ್ರೆ ಅವರೇನು ಮಾಡ್ತಾರೆ?" ಈ ಮಾತನ್ನು ನಾನು ಒಪ್ಪುವುದೇ ಇಲ್ಲ. 16ರಿಂದ 44 ಅಂತ ಗೊತ್ತಾದರೆ ಮಾಡಬೇಕಾದ್ದು ಸ್ಪಷ್ಟವಾಗಿದೆ: ಈಗಲೇ ಅನುದಾನ ಕಡಿಯಬೇಡಿ, ಇನ್ನಷ್ಟು ಮನೆಗಳಿಗೆ ಹೋಗಿ.

ಅಳತೆಗೋಲಿನ ವಿಷಯವೂ ಇದೆ. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡು ಬಡತನದ ರೇಖೆಯನ್ನು ದಿನಕ್ಕೆ 2.15 ಡಾಲರಿನಿಂದ 3 ಡಾಲರಿಗೆ ಏರಿಸಿತು. ಹಳೇ ವರ್ಷಗಳನ್ನೂ ಹೊಸ ರೇಖೆಯಲ್ಲೇ ಅಳೆದರೆ ಮಾತ್ರ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಡಬಹುದು. ಬೆಳಗ್ಗೆ ನೋಡಿದ ನಕ್ಷೆಗಳಲ್ಲಿ ಯಾವ ರೇಖೆ ಅನ್ನುವುದನ್ನೂ ಬರೆದಿರಲಿಲ್ಲ.

ಇಷ್ಟು ಉರಿಯುವುದಕ್ಕೆ ಇನ್ನೊಂದು ಕಾರಣ ಇದೆ. ಇಲ್ಲಿಯವರೆಗೆ ಇದನ್ನು ಎಲ್ಲೂ ಬರೆದಿಲ್ಲ. ವರ್ಷಗಳ ಹಿಂದೆ ನಾನೇ ಇಂಥ ನಕ್ಷೆ ಮಾಡಿ ಕಳಿಸಿದ್ದೆ. ಸುತ್ತ ಎಲ್ಲ ಕಡುಗೆಂಪು, ನಡುವೆ ಒಂದೇ ಒಂದು ತಿಳಿ ಬಣ್ಣದ ಜಾಗ. ಒಳ್ಳೇ ಸುದ್ದಿ ಅಂದುಕೊಂಡೆ. ಆಮೇಲೆ ಸರ್ವೆಗೆ ಹೋಗಿದ್ದ ಹುಡುಗ ಹೇಳಿದ, "ಮಳೆಗೆ ದಾರಿ ಕೊಚ್ಚಿ ಹೋಗಿತ್ತು ಸರ್, ಒಳಗಿನ ಮನೆಗಳಿಗೆ ಹೋಗೋಕೇ ಆಗಲಿಲ್ಲ. ರಸ್ತೆ ಪಕ್ಕದವನ್ನಷ್ಟೇ ಮುಗಿಸಿದ್ವಿ." ಅತ್ಯಂತ ಬಡವರು ಇದ್ದದ್ದೇ ಆ ಒಳಗಿನ ಮನೆಗಳಲ್ಲಿ. ಸ್ಯಾಂಪಲ್ ಎಷ್ಟು ಅನ್ನುವ ಕಾಲಂ ಒಮ್ಮೆ ನೋಡಿದ್ದರೆ, ನೆರೆಯ ಜಾಗಗಳ ಜೊತೆ ಹೋಲಿಸಿದ್ದರೆ, ಅಲ್ಲೇನೋ ತಪ್ಪಿದೆ ಅಂತ ಅವತ್ತೇ ಗೊತ್ತಾಗುತ್ತಿತ್ತು. ನೋಡಲಿಲ್ಲ. ಕಳಿಸಿದ ನಕ್ಷೆಯನ್ನು ವಾಪಸ್ ಪಡೆಯುವಷ್ಟರಲ್ಲಿ ಆ ವರ್ಷದ ಹಂಚಿಕೆ ಮುಗಿದುಹೋಗಿತ್ತು.

ಸಭೆ ಮುಗಿದ ಮೇಲೆ ಮೂಲ ಫೈಲ್ ಕೊಡಿ ಅಂತ ಕೇಳಿದ್ದೇನೆ. ನಾಳೆ ಕಳಿಸುತ್ತೇವೆ ಅಂದಿದ್ದಾರೆ. ಆ ಜಿಲ್ಲೆಯ ಹೆಸರನ್ನು ಕೈ ಮೇಲೆ ಬರೆದುಕೊಂಡು ಬಂದಿದ್ದೇನೆ.