ಗಾಳಿ, ಗಡ್ಡೆ, ಅವರೆಕಾಳು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿರುವ ಮಗಳ ಮನೆಯ ಪಕ್ಕದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದು ಊರೆಲ್ಲ ಮುದುಡಿಕೊಂಡಾಗ ಅವರ ಮುಖ ಅರಳುತ್ತದೆ. ಹತ್ತಿ ಎಳೆದಂತೆ ಹಿಮ ಉದುರಿ ಮಕ್ಕಳು ಅಂಗಳದಲ್ಲಿ ಕುಣಿಯುವಾಗ ಸೂತಕದ ಮನೆಯವರಂತೆ ಕೂರುತ್ತಾರೆ. ಹಿಮ ಬೀಳುವುದನ್ನು ಕಣ್ಣಾರೆ ನೋಡಬೇಕೆಂದೇ ಮೈಸೂರಿನಿಂದ ಎರಡು ಸ್ವೆಟರಿನ ಮೇಲೊಂದು ಶಾಲು ಹೊದ್ದು ಬಂದಿದ್ದ ನನಗೆ ಈ ಮನುಷ್ಯ ಒಗಟಾದರು.

ಒಗಟಿನ ಉತ್ತರ ಅವರ ಗ್ಯಾರೇಜಿನಲ್ಲಿತ್ತು. ಹನ್ನೆರಡು ಅಡಿ ಉದ್ದದ, ನಮ್ಮ ಮನೆಯ ದೋಸೆಹಿಟ್ಟಿನ ಪಾತ್ರೆಯೂ ನೆಟ್ಟಗೆ ಕೂರಲಾರದಷ್ಟು ಕಿರಿದಾದ ಮರದ ದೋಣಿ. ಅದಕ್ಕೆ ಅಡ್ಡಲಾಗಿ ಎಂಟಡಿಯ ಒಂದು ಹಲಗೆ. ಹಲಗೆಯ ಎರಡು ತುದಿಗೆ ಎರಡು, ಮೂತಿಗೆ ಒಂದು, ಹೀಗೆ ಮೂರು ಉಕ್ಕಿನ ಅಲಗುಗಳು. ಮೂತಿಯದನ್ನು ತಿರುಗಿಸಿದರೆ ದೋಣಿ ತಿರುಗುತ್ತದೆ. ಹಾಯಿ ಕಟ್ಟಿಬಿಟ್ಟರೆ, ಹೆಪ್ಪುಗಟ್ಟಿದ ನೀರಿನ ಮೇಲೆ ಗಾಳಿಗೆ ಓಡುವ ಐಸ್‌ಬೋಟ್ ಸಿದ್ಧ. ಇದರ ಹೆಸರು ಡಿಎನ್. 1937ರಲ್ಲಿ ಡೆಟ್ರಾಯಿಟ್ ನ್ಯೂಸ್ ಪತ್ರಿಕೆಯವರ ಹವ್ಯಾಸದ ಮರಗೆಲಸದ ಕೋಣೆಯಲ್ಲಿ ಹುಟ್ಟಿದ್ದರಿಂದ ಪತ್ರಿಕೆಯ ಹೆಸರಿನ ಮೊದಲಕ್ಷರಗಳೇ ಅದಕ್ಕೂ ಉಳಿದವು. ಪತ್ರಿಕೆಯೊಂದು ಓದುಗರಿಗೆ ದೋಣಿ ಕಟ್ಟುವುದನ್ನು ಕಲಿಸಿದ ಕಾಲವೂ ಒಂದಿತ್ತು.

ಸರೋವರಗಳಿಗೆ ಇಲ್ಲಿ ಬರವಿಲ್ಲ. ಊರೇ ಮೆಂಡೋಟ, ಮೊನೋನ ಎಂಬ ಎರಡು ಕೆರೆಗಳ ನಡುವಿನ ಪಟ್ಟಿಯ ಮೇಲೆ ಕೂತಿದೆ. ಕೆರೆ ಎಂದೆ, ಮೆಂಡೋಟದ ಹರವು ಸುಮಾರು 40 ಚದರ ಕಿಲೋಮೀಟರ್. ಅದು ಯಾವ ದಿನ ಹೆಪ್ಪುಗಟ್ಟಿತು, ಯಾವ ದಿನ ಕರಗಿತು ಎಂಬುದನ್ನು ಇಲ್ಲಿಯವರು 1850ರ ದಶಕದಿಂದಲೂ ಬರೆದಿಟ್ಟುಕೊಂಡು ಬಂದಿದ್ದಾರೆ. ಆದರೆ ಹೆಪ್ಪುಗಟ್ಟಿದ ಮಾತ್ರಕ್ಕೆ ಆಟ ಶುರುವಾಗುವುದಿಲ್ಲ. ಮೇಲೆ ಹಿಮ ಕೂತರೆ ಅಲಗು ಹೂತುಕೊಳ್ಳುತ್ತದೆ. ಬೇಕಾದದ್ದು ಕನ್ನಡಿಯಂಥ ಬರಿಯ ಮಂಜುಗಡ್ಡೆ, ಅದೂ ಕೆಳಗಿನ ನೀರಿನ ಕಪ್ಪು ಕಾಣುವಂಥದ್ದು. ಗಡ್ಡೆ ಬಲಿಯಬೇಕು, ಗಾಳಿ ಬೀಸಬೇಕು, ಹಿಮ ಮಾತ್ರ ಬೀಳಬಾರದು. ಬಿದ್ದರೆ ಒಂದು ಮಳೆಯಾದರೂ ಬಂದು ಅದನ್ನು ನೀರಾಗಿಸಿ ಮತ್ತೆ ಹೆಪ್ಪುಗಟ್ಟಬೇಕು. ಜನವರಿಯ ನಡುವೆ ಮಳೆ ಬಂದಾಗ ಊರಿಡೀ ಶಪಿಸುತ್ತಿದ್ದರೆ ನಮ್ಮ ಹಿರಿಯರು ಕಿಟಕಿಯಲ್ಲಿ ನಿಂತು ಶಿಳ್ಳೆ ಹಾಕುತ್ತಿದ್ದರು. ಕಣದಲ್ಲಿ ರಾಗಿ ಹರಡಿಕೊಂಡು ಮೋಡಕ್ಕೆ ಬೈಯುತ್ತಿದ್ದ ನಮ್ಮಪ್ಪ ಅದೇ ಮೋಡವನ್ನು ಆರು ತಿಂಗಳ ಹಿಂದೆ ಕೈಮುಗಿದು ಕರೆದಿದ್ದರು. ಈ ಜಾತಿಯವರು ನನಗೆ ಹೊಸಬರಲ್ಲ.

ನನಗೆ ಅರ್ಥವಾಗದೆ ಉಳಿದದ್ದು ವೇಗ. ದೋಣಿ ತನ್ನನ್ನು ತಳ್ಳುವ ಗಾಳಿಗಿಂತ ಮೂರು ನಾಲ್ಕು ಪಟ್ಟು ಜೋರಾಗಿ ಓಡುತ್ತದೆಯಂತೆ. ತಳ್ಳುವವನಿಗಿಂತ ತಳ್ಳಿಸಿಕೊಂಡವನು ಮುಂದೆ ಹೋಗುವುದೆಂದರೇನು? ಅಳಿಯ ಹಾಳೆಯ ಮೇಲೆ ಬಾಣದ ಗುರುತುಗಳನ್ನು ಹಾಕಿ ಹಾಕಿ ವಿವರಿಸಿದರು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ತಲೆಗೆ ಬಾಣ ನಾಟಲಿಲ್ಲ.

ಮರುದಿನ ಸೂಟ್‌ಕೇಸಿನಲ್ಲಿ ತಂದ ಒಣ ಅವರೆಕಾಳನ್ನು ನೆನೆಹಾಕಿ ಹಿತಕಲು ಕೂತೆ. ಬೆರಳುಗಳೆರಡನ್ನು ಸುಮ್ಮನೆ ಒತ್ತಿದೆ, ಕಾಳು ಸಿಪ್ಪೆ ಬಿಟ್ಟು ಚಂಗನೆ ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಬೆರಳು ಚಲಿಸಿದ್ದು ಕೂದಲೆಳೆಯಷ್ಟು, ಕಾಳು ಹೋದದ್ದು ಅಡುಗೆಮನೆಯುದ್ದ! ಒಂದು ಬೆರಳು ಹಾಯಿಗೆ ಅಡ್ಡ ಬೀಸುವ ಗಾಳಿ. ಇನ್ನೊಂದು, ಪಕ್ಕಕ್ಕೆ ಜಾರಗೊಡದೆ ಗಡ್ಡೆಯನ್ನು ಕಚ್ಚಿರುವ ಅಲಗು. ನಡುವೆ ಸಿಕ್ಕ ದೋಣಿಗೆ ಮುಂದಕ್ಕೆ ಹಾರದೆ ಬೇರೆ ದಾರಿಯಿಲ್ಲ. ಗಡ್ಡೆಯ ಮೇಲೆ ತಡೆಯೂ ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯ ಬೆನ್ನಿಗೇ ನೇರ ಬಿದ್ದರೆ ಈ ಚಮತ್ಕಾರ ನಡೆಯುವುದಿಲ್ಲ. ದೋಣಿ ಗಾಳಿಯನ್ನು ಮೀರಲಾರದು. ಅಳಿಯನಿಗೆ ಹೇಳಿದೆ. ‘ಸರಿಯೇ ಅತ್ತೆ, ಆದರೆ’ ಎಂದು ಮತ್ತೆ ಹಾಳೆ ಹುಡುಕಿದರು. ನಾನು ಸಾರಿಗೆ ಒಗ್ಗರಣೆ ಹಾಕಬೇಕೆಂದು ಎದ್ದೆ.

ನ್ಯೂಯಾರ್ಕಿನ ಹಡ್ಸನ್ ನದಿಯ ಕಥೆಯನ್ನು ಹೇಳಿದವರು ಪಕ್ಕದ ಮನೆಯವರೇ. ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟರ ದೊಡ್ಡಪ್ಪ-ಚಿಕ್ಕಪ್ಪಂದಿರ ಸಾಲಿನ ಜಾನ್ ರೂಸ್‌ವೆಲ್ಟ್ ಅಲ್ಲಿ ‘ಐಸಿಕಲ್’ ಎಂಬ ಐಸ್‌ಬೋಟ್ ಇಟ್ಟಿದ್ದರು. ನದಿಯ ದಂಡೆಗುಂಟ ರೈಲುಹಳಿ. 1871ರಲ್ಲಿ ಐಸಿಕಲ್ ಷಿಕಾಗೋ ಎಕ್ಸ್‌ಪ್ರೆಸ್ಸಿನೊಡನೆ ಪಂದ್ಯ ಕಟ್ಟಿ ಗೆದ್ದಿತು. ಕಲ್ಲಿದ್ದಲು ಉರಿಸಿಕೊಂಡು ಬರುತ್ತಿದ್ದ ರೈಲನ್ನು ಬಟ್ಟೆಯೊಂದು ಹಿಂದೆ ಹಾಕಿತಲ್ಲ ಎಂದು ನನಗೆ ಇಂದಿಗೂ ಸಂತೋಷ. ಫ್ರಾಂಕ್ಲಿನ್ನರಿಗೂ ‘ಹಾಕ್’ ಎಂಬ ಐಸ್‌ಬೋಟ್ ಇತ್ತು, ತಾಯಿಯೇ ಕೊಡಿಸಿದ್ದು. ನಮ್ಮಮ್ಮ ಸೈಕಲ್ ಕೊಡಿಸಲು ನಾಲ್ಕು ವರ್ಷ ಯೋಚಿಸಿದ್ದಳು.

ಜನವರಿ ಕೊನೆಯ ಒಂದು ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಹಿರಿಯರು ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದರು. ಕೊರಳಲ್ಲಿ ಹಗ್ಗಕ್ಕೆ ಕಟ್ಟಿದ ಎರಡು ಮೊಳೆಹಿಡಿಗಳು. ಗಡ್ಡೆ ಒಡೆದು ನೀರಿಗೆ ಬಿದ್ದರೆ ಅಂಚಿಗೆ ಚುಚ್ಚಿಕೊಂಡು ಮೇಲೇರಲು. ಅದನ್ನು ಅವರು ತಾಳಿ ತೋರಿಸುವ ಹಾಗೆ ತೋರಿಸಿದರು. ಕೆರೆಯ ದಂಡೆಯಲ್ಲಿ ಡ್ರಿಲ್ಲಿನಿಂದ ಅಲ್ಲಲ್ಲಿ ತೂತು ಕೊರೆದು ದಪ್ಪ ಅಳೆದರು. ದೂರದಲ್ಲೆಲ್ಲೋ ಗಡ್ಡೆ ಬಿರಿದು ತಂಬೂರಿಯ ತಂತಿ ಕಡಿದಂಥ ನಾದ ಹೊರಟು ನನ್ನ ಕಾಲಡಿಯೇ ಹಾದುಹೋಯಿತು. ನಾನು ಎರಡು ಹೆಜ್ಜೆ ಹಿಂದಿಟ್ಟೆ. ‘ಇದು ಒಳ್ಳೆಯ ಗಡ್ಡೆಯ ಮಾತು’ ಎಂದರು ಅವರು.

ಆಮೇಲೆ ಮೊಳೆಯ ಬೂಟಿನಲ್ಲಿ ದೋಣಿಯನ್ನು ತಳ್ಳುತ್ತ ಓಡಿದರು, ಎಪ್ಪತ್ತರ ಆ ಮನುಷ್ಯ, ಮತ್ತು ಹಾರಿ ಒಳಗೆ ಮಲಗಿದರು. ಹಾಯಿ ಬಿಗಿಯಿತು. ಫೋಟೋ ತೆಗೆಯಲೆಂದು ನಾನು ಕೈಗವಸು ಕಳಚುವಷ್ಟರಲ್ಲಿ ಬಿಳಿಯ ಹಾಯಿ ಬೆರಳುಗುರಿನಷ್ಟಾಗಿತ್ತು. ಆಚೆಯ ತಿರುವಿನಲ್ಲಿ ಒಂದು ಅಲಗು ಗಡ್ಡೆ ಬಿಟ್ಟು ಮೇಲೆದ್ದದ್ದು ಕಂಡಿತು. ನನ್ನೆದೆಯೂ ಅದರ ಜೊತೆಗೆ ಎದ್ದಿತು. ಬ್ರೇಕ್ ಹಾಕಿ ನಿಲ್ಲಿಸುವ ಮಾತಿಲ್ಲ. ನಿಲ್ಲಬೇಕೆಂದರೆ ಗಾಳಿಗೇ ಮುಖ ತಿರುಗಿಸಬೇಕು. ಹಾಗೆ ತಿರುಗಿಸಿ, ಪಟಪಟ ಹೊಡೆದುಕೊಳ್ಳುವ ಹಾಯಿಯ ಕೆಳಗಿಂದ ಇಳಿದಾಗ ಅವರ ಹುಬ್ಬಿನ ಮೇಲೆ ಹಿಮದ ಪುಡಿ ಕೂತಿತ್ತು. ವಯಸ್ಸು ಎಲ್ಲೂ ಇರಲಿಲ್ಲ.

ಎರಡೂವರೆ ದಿನ ನಡೆಯಿತು ಆ ಹಬ್ಬ. ಮೂರನೆಯ ದಿನ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದರು. ಮೊದಲ ತುತ್ತು ಬಾಯಿಗಿಡುವಾಗಲೇ ಮೊಮ್ಮಗ ಕಿಟಕಿಗೆ ಮೂಗು ಒತ್ತಿ ‘ಅಜ್ಜಿ, ಹಿಮ!’ ಎಂದು ಕಿರುಚಿದ. ಮಗಳು ಅವನನ್ನು ಗದರಿಸಿ ಪರದೆ ಎಳೆದಳು. ಅವರು ಆ ಕಡೆ ತಿರುಗಲೂ ಇಲ್ಲ. ಇನ್ನೊಂದು ಸೌಟು ಹಿತಕಿದ ಬೇಳೆಯ ಸಾರು ಹಾಕಿಸಿಕೊಂಡರು.