ಈ ಅಡುಗೆಯಲ್ಲಿ 'ರುಚಿಗೆ ತಕ್ಕಷ್ಟು' ನಡೆಯಲ್ಲ

ಮೊನ್ನೆ ಮೆಣಸಿನಕಾಯಿ ಜೆಲ್ಲಿ ಮಾಡುವ ಒಂದು ರೀಲ್ ನೋಡಿದೆ. ಹೆಚ್ಚಿದ್ದು, ಕುದಿಸಿದ್ದು ಎಲ್ಲ ಸರಿಯಾಗೇ ಇತ್ತು. ಕೊನೆಗೆ "ಸಕ್ಕರೆ ನಿಮ್ಮ ರುಚಿಗೆ ತಕ್ಕಷ್ಟು ಹಾಕ್ಕೊಳ್ಳಿ" ಅಂದುಬಿಟ್ಟರು. ಮೈ ಉರಿದುಹೋಯ್ತು. ಎರಡು ವರ್ಷದ ಹಿಂದೆ ಇದೇ ಮಾತು ನಂಬಿ ಕೈ, ಕಣ್ಣು, ಒಲೆ ಮೂರನ್ನೂ ಸುಟ್ಟುಕೊಂಡವಳು ನಾನು. ಹಾಗಾಗಿ ಇಷ್ಟುದ್ದ ಬರೀತಿದ್ದೀನಿ.

ನಾವಿರೋದು ಟೆಕ್ಸಾಸ್‌ನಲ್ಲಿ. ಇಲ್ಲಿ ಡಿಸೆಂಬರ್ ಬಂತೆಂದರೆ ಅಕ್ಕಪಕ್ಕದವರು ಪುಟ್ಟ ಗಾಜಿನ ಬಾಟಲಿಗಳಲ್ಲಿ ಈ ಜೆಲ್ಲಿ ತಂದುಕೊಡ್ತಾರೆ. ಕ್ರೀಮ್ ಚೀಸ್ ಗಟ್ಟಿಯ ಮೇಲೆ ಸುರಿದು ಉಪ್ಪು ಬಿಸ್ಕತ್ತಿನ ಜೊತೆ ತಿನ್ನೋದು. ಸಿಹಿ, ಹುಳಿ, ಖಾರ ಮೂರೂ ಒಂದೇ ತುತ್ತಿನಲ್ಲಿ. ನಮ್ಮ ಗೊಜ್ಜು ತಿಂದು ಬೆಳೆದ ನಾಲಿಗೆಗೆ ಇದು ಹೊಸದೇನಲ್ಲ. ಪಕ್ಕದ ಮನೆಯ ಅಜ್ಜಿ ಒಂದು ಚೀಟಿಯಲ್ಲಿ ಅಳತೆ ಬರೆದುಕೊಟ್ಟಿದ್ದರು: ದಪ್ಪ ಮೆಣಸಿನಕಾಯಿ, ಹಲಪೀನ್ಯೊ ಅನ್ನೋ ಇಲ್ಲಿನ ಹಸಿಮೆಣಸಿನಕಾಯಿ, ಒಂದೂವರೆ ಕಪ್ ವಿನೆಗರ್, ಐದು ಕಪ್ ಸಕ್ಕರೆ, ಒಂದು ಪೊಟ್ಟಣ ದ್ರವ ಪೆಕ್ಟಿನ್ (ಜೆಲ್ಲಿ ಗಟ್ಟಿಯಾಗಲಿ ಅಂತ ಹಾಕೋ, ಹಣ್ಣಿನಿಂದ ತೆಗೆದ ಅಂಟು). ಕೆಳಗೆ ಎರಡು ಗೆರೆ ಎಳೆದು, "ಏನನ್ನೂ ಬದಲಾಯಿಸಬೇಡ" ಅಂತ.

ಐದು ಕಪ್ ಸಕ್ಕರೆ! ಯಾರಾದರೂ ಹಾಕ್ತಾರಾ? ಎರಡೂವರೆ ಹಾಕಿದೆ.

ಅದಕ್ಕೂ ಮೊದಲಿನ ಕತೆ ಬೇರೆ ಇದೆ. ನಾನು ಹಾವೇರಿ ಕಡೆಯವಳು, ಬ್ಯಾಡಗಿ ಮೆಣಸಿನಕಾಯಿ ಚೀಲದ ಪಕ್ಕದಲ್ಲೇ ಆಡಿ ಬೆಳೆದವಳು, ನನಗೆಂಥ ಗ್ಲೌಸು ಅಂತ ಬರಿಗೈಯಲ್ಲೇ ಹೆಚ್ಚೋಕೆ ಕೂತೆ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನೋದು ನೆನಪಾಗಲೇ ಇಲ್ಲ. ಹಲಪೀನ್ಯೊ ಕೂಡ ಭಾರಿ ಖಾರದ್ದೇನಲ್ಲ, ಆದರೆ ಇಪ್ಪತ್ತು ಕಾಯಿ ಸೀಳಿ ಒಳಗಿನ ಬಿಳಿ ತಿರುಳನ್ನು ಉಗುರಿನಿಂದ ಕೆರೆದರೆ ಏನಾಗಬೇಕೋ ಅದೇ ಆಯ್ತು. ಖಾರ ಇರೋದು ಬೀಜದಲ್ಲಿ ಅಂದ್ಕೊಳ್ತೀವಿ, ನಿಜಕ್ಕೂ ಇರೋದು ಬೀಜ ಅಂಟಿಕೊಂಡಿರುವ ಆ ಬಿಳಿ ಭಾಗದಲ್ಲಿ. ನೀರಲ್ಲಿ ನಾಲ್ಕು ಸಲ ಕೈ ತೊಳೆದೆ. ಖಾರದ ಕ್ಯಾಪ್ಸೈಸಿನ್ ನೀರಿಗೆ ಕರಗಲ್ಲ, ಎಣ್ಣೆಗೆ ಕರಗುತ್ತೆ. ಅದು ಗೊತ್ತಾಗೋ ಹೊತ್ತಿಗೆ ರಾತ್ರಿ ಕಾಂಟ್ಯಾಕ್ಟ್ ಲೆನ್ಸ್ ತೆಗೆಯೋಕೆ ಬೆರಳು ಕಣ್ಣಿಗೆ ಹೋಗಿತ್ತು. ಅರ್ಧ ತಾಸು ನಲ್ಲಿ ಕೆಳಗೆ ತಲೆಯಿಟ್ಟು ನಿಂತಿದ್ದೆ. ಆಮೇಲೆ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ, ಪಾತ್ರೆ ತೊಳೆಯೋ ಸೋಪಿನಲ್ಲಿ ತೊಳೆದ ಮೇಲೆಯೇ ಉರಿ ಇಳಿದದ್ದು.

ಇನ್ನು ಘಾಟು. ಇಂಗ್ಲಿಷಿನವರಿಗೆ ಈ ಪದಕ್ಕೆ ಸಮನಾದ ಪದ ಇಲ್ಲದ್ದಕ್ಕೇ ಅಜ್ಜಿಯ ಚೀಟಿಯಲ್ಲಿ ಅದರ ಸುದ್ದಿ ಇರಲಿಲ್ಲವೇನೋ. ಕುದಿಯೋ ವಿನೆಗರಿನ ಹಬೆಯಲ್ಲಿ ಮೆಣಸಿನಕಾಯಿ ಖಾರವೂ ಸೇರಿ ಏಳುತ್ತೆ. ಒಗ್ಗರಣೆಗೆ ಒಣಮೆಣಸಿನಕಾಯಿ ಸೀದರೆ ಕೆಮ್ಮು ಬರುತ್ತಲ್ಲ, ಇದು ಅದರ ದೊಡ್ಡಣ್ಣ. ನಾನು ಮುಚ್ಚಳ ತೆಗೆದು ಬಗ್ಗಿ ಮೂಸಿದೆ! ನಮ್ಮ ಅಪಾರ್ಟ್‌ಮೆಂಟಿನ ಒಲೆ ಮೇಲಿನ ಫ್ಯಾನು ಗಾಳಿಯನ್ನ ಹೊರಗೆ ಹಾಕೋ ಜಾತಿಯದ್ದಲ್ಲ, ಒಂದು ಜಾಲರಿ ದಾಟಿಸಿ ಅದನ್ನೇ ಮುಖಕ್ಕೆ ಬಿಡುತ್ತೆ. ಮಗಳು ಬೆಡ್‌ರೂಮಿನಿಂದ ಕೆಮ್ಮುತ್ತಾ ಬಂದಳು. ಮೂವರೂ ಬಾಲ್ಕನಿಯಲ್ಲಿ ಚಳಿಗೆ ನಡುಗ್ತಾ ನಿಂತಿದ್ದಾಗ ಒಳಗೆ ಪಾಕ ಉಕ್ಕಿ ಗಾಜಿನ ಒಲೆ ಮೇಲೆಲ್ಲ ಹರಿದು ಕರಕಲಾಯ್ತು. ಅದನ್ನ ಬ್ಲೇಡಿನಲ್ಲಿ ಹೆರೆದು ತೆಗೆದದ್ದು ಮರುದಿನ.

ಉಳಿದದ್ದನ್ನ ಬಾಟಲಿಗೆ ತುಂಬಿ ಎರಡು ದಿನ ಕಾದೆ. ಬಾಟಲಿ ಓರೆ ಮಾಡಿದರೆ ಗಳಗಳ ಅಂತ ಓಡ್ತಿತ್ತು, ಹೆಚ್ಚಿದ ಚೂರುಗಳೆಲ್ಲ ಮೇಲೆ ತೇಲ್ತಿದ್ದವು. ಗಂಡ ಬೆಳಕಿಗೆ ಹಿಡಿದು ನೋಡಿ, "ಇದೇನಿದು, ಪಾನಕ ಮಾಡೀಯೇನು?" ಅಂದ. ಅವ್ವಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ.

"ಸಕ್ಕರಿ ಎಷ್ಟ ಹಾಕಿ?"

"ಹೇಳಿದ್ದರಾಗ ಅರ್ಧ ಅವ್ವ, ಶುಗರ್ ಅಲಾ..."

"ಪಾಕದ ಅಡಿಗ್ಯಾಗ ಸಕ್ಕರಿ ಕಡಿಮಿ ಹಾಕಿ, ಪಾಕ ಬರವಲ್ದು ಅಂತ ನನಗ ಫೋನ್ ಮಾಡ್ತೀಯಲ್ಲ!"

ಅವ್ವ ಯಾವತ್ತೂ ಪೆಕ್ಟಿನ್ ಕಂಡವಳಲ್ಲ. ಅವಳು ಪೇರಲ ಹಣ್ಣಿನ ಜೆಲ್ಲಿ ಮಾಡ್ತಿದ್ದಳು, ಪೇರಲದಲ್ಲೇ ಪೆಕ್ಟಿನ್ ಬೇಕಾದಷ್ಟಿರುತ್ತೆ. ಮೆಣಸಿನಕಾಯಿಯಲ್ಲಿ ಅಷ್ಟಿಲ್ಲ, ಹೊರಗಿನಿಂದ ಹಾಕಬೇಕು. ಆ ಪೆಕ್ಟಿನ್ ಎಳೆಗಳು ನೀರಿನ ಸಂಗ ಬಿಟ್ಟು ಒಂದಕ್ಕೊಂದು ಹೆಣೆದುಕೊಂಡರೆ ಜೆಲ್ಲಿ. ಸಕ್ಕರೆ ನೀರನ್ನ ತನ್ನ ಕಡೆ ಎಳ್ಕೊಳ್ಳುತ್ತೆ, ಹುಳಿ ಆ ಎಳೆಗಳು ಒಂದನ್ನೊಂದು ದೂಡೋದನ್ನ ನಿಲ್ಲಿಸುತ್ತೆ. ಮಾಮೂಲಿ ಪೆಕ್ಟಿನ್ ಕೂರಬೇಕಾದರೆ ಪಾಕದಲ್ಲಿ ನೂರಕ್ಕೆ ಸುಮಾರು 60 ರಿಂದ 65ರಷ್ಟು ಭಾಗ ಸಕ್ಕರೆ ಇರಬೇಕು. ಕಡಿಮೆ ಸಕ್ಕರೆಯ ಜೆಲ್ಲಿಯೇ ಬೇಕೆಂದರೆ ಅದಕ್ಕೆಂದೇ ಬೇರೆ ಪೆಕ್ಟಿನ್ ಸಿಗುತ್ತೆ, ಅದನ್ನ ತಗೊಳ್ಳಿ, ಅದರ ಪೊಟ್ಟಣದ ಮೇಲಿನ ಅಳತೆಯನ್ನೇ ಪಾಲಿಸಿ.

ವಿನೆಗರ್ ವಿಷಯ ಇನ್ನೂ ಗಂಭೀರ. "ವಾಸನೆ ಜಾಸ್ತಿ, ಅರ್ಧ ಹಾಕಿದೆ" ಅಂತ ನನ್ನ ಗೆಳತಿಯೊಬ್ಬಳು ಹೇಳಿದಾಗ ಬಾಟಲಿಗಳನ್ನೆಲ್ಲ ಚೆಲ್ಲಿಸಿದೆ. ಮೆಣಸಿನಕಾಯಿಗೆ ತನ್ನದೇ ಹುಳಿ ಸಾಲದು. ಹುಳಿ ಕಡಿಮೆಯಾಗಿ, ಗಾಳಿಯಾಡದ ಬಾಟಲಿಯಲ್ಲಿ ತಿಂಗಳುಗಟ್ಟಲೆ ಹೊರಗಿಟ್ಟರೆ ಬಾಟುಲಿಸಂ ಅನ್ನೋ, ಜೀವಕ್ಕೇ ಕುತ್ತು ತರಬಲ್ಲ ಕಾಯಿಲೆಯ ವಿಷ ಹುಟ್ಟಬಹುದು. ಅದು ಕಣ್ಣಿಗೆ ಕಾಣಲ್ಲ, ಮೂಗಿಗೂ ಹತ್ತಲ್ಲ. ಶೇ 5ರಷ್ಟು ಆಮ್ಲ ಇರೋ ವಿನೆಗರ್, ಹೇಳಿದಷ್ಟೇ. ಸಕ್ಕರೆ ಕಡಿಮೆಯಾದರೆ ಪಾನಕವಾಗುತ್ತೆ ಅಷ್ಟೇ, ಇದು ಹಾಗಲ್ಲ.

ನಾನು ಮಾತ್ರ ಅಷ್ಟಕ್ಕೇ ಸುಮ್ಮನಾಗದೆ ಆ ಪಾನಕವನ್ನ ಮತ್ತೆ ಒಲೆಗಿಟ್ಟೆ. ಗಟ್ಟಿಯಾಗಲಿ ಅಂತ ಇಪ್ಪತ್ತೈದು ನಿಮಿಷ ಕುದಿಸಿದೆ. ಆರಿದ ಮೇಲೆ ಚಮಚ ಚುಚ್ಚಿ ಎತ್ತಿದರೆ ಚಮಚದ ಜೊತೆ ಬಾಟಲಿಯೂ ಎದ್ದು ಬಂತು! ಒಂದು ಬಾಟಲಿ ಮಾತ್ರ ಮತ್ತೆ ಕುದಿಸದೆ ಫ್ರಿಜ್ಜಿನಲ್ಲಿ ಉಳಿದಿತ್ತು. ಅದನ್ನ ಗಿರಮಿಟ್ಟಿಗೆ ಹಾಕಿ ಕಲಸಿದೆ, ಸುಳ್ಳು ಹೇಳಲ್ಲ, ಬಹಳ ಚೆನ್ನಾಗಿತ್ತು.

ಕಳೆದ ಡಿಸೆಂಬರಿನಲ್ಲಿ ಗ್ಲೌಸು ಹಾಕಿ, ಕಿಟಕಿ ತೆಗೆದು, ಪಾತ್ರೆಯ ಮೂರನೇ ಒಂದು ಭಾಗವಷ್ಟೇ ತುಂಬಿಸಿ ಮತ್ತೆ ಮಾಡಿದೆ. ಐದು ಕಪ್ ಸಕ್ಕರೆಯನ್ನ ಕಣ್ಣು ಮುಚ್ಚಿ ಸುರಿದೆ. ಸೌಟು ಆಡಿಸಿದರೂ ತಗ್ಗದಂಥ ಕುದಿ ಬಂದ ಮೇಲೆ ಪೆಕ್ಟಿನ್, ಆಮೇಲೆ ಒಂದೇ ನಿಮಿಷ. ಒಲೆ ಆರಿಸಿ ಐದು ನಿಮಿಷ ಮೆಲ್ಲಗೆ ಕೈಯಾಡಿಸಿದ್ದಕ್ಕೆ ಚೂರುಗಳು ತೇಲದೆ ನಡುವೆಯೇ ನಿಂತವು. ತುಂಬಿದ ಬಾಟಲಿಗಳನ್ನ ಕುದಿಯೋ ನೀರಲ್ಲಿ ಹತ್ತು ನಿಮಿಷ ಮುಳುಗಿಸಿ ತೆಗೆದು ಟವೆಲ್ ಮೇಲೆ ಸಾಲಾಗಿಟ್ಟೆ. ಆರುತ್ತಾ ಬಂದ ಹಾಗೆ ಮುಚ್ಚಳ ಒಳಕ್ಕೆ ಎಳ್ಕೊಂಡು ಟಿಕ್ ಅನ್ನುತ್ತೆ, ಆಗ ಬಾಟಲಿ ಭದ್ರ ಅಂತ ಅರ್ಥ. ಮಗಳು ಪಕ್ಕದಲ್ಲಿ ಕೂತು ಬೆರಳು ಮಡಚಿ ಎಣಿಸಿದಳು. ಆರು ಬಾಟಲಿ, ಐದು ಟಿಕ್.

ಆರನೆಯದನ್ನ ಫ್ರಿಜ್ಜಿಗೆ ಸೇರಿಸಿ ಅವತ್ತೇ ಮಂಡಕ್ಕಿ ತೊಯ್ಸಿದೆ.